ಸೊಂಟದ ರಿವಾಲ್ವರ್ ಮತ್ತು ತಾಳಮಲೆಯ ಕತ್ತಲು

ಅಂಗಿಯ ಮರೆಯಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದಾಗಿದ್ದು, ಬೇಕಾದ ಗಳಿಗೆಯಲ್ಲಿ ಕೈಕೊಡದ ರಿವಾಲ್ವರ್ ಯಾವುದು? ಲೈಸೆನ್ಸ್ ಸಿಕ್ಕವರೂ ಅದಕ್ಕಾಗಿ ಅರ್ಜಿ ಹಿಡಿದು ಓಡಾಡುವವರೂ ಮೊದಲು ಕೇಳುವ ಪ್ರಶ್ನೆ ಇದು. ಈರೋಡು ಜಿಲ್ಲೆಯ ತಲೆಯ ಮೇಲೆ, ಕರ್ನಾಟಕದ ಗಡಿಗೆ ತಾಗಿಕೊಂಡಿರುವ ತಾಳವಾಡಿ ಸೀಮೆಯಲ್ಲಿ ಈ ಪ್ರಶ್ನೆ ಎದ್ದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ದೊಡ್ಡಗಾಜನೂರಿನ ತೋಟದ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿ ಕರೆದೊಯ್ದ 2000ದ ಜುಲೈ 30ರ ರಾತ್ರಿಯನ್ನು ಈ ಊರುಗಳು ಮರೆತಿಲ್ಲ. ಕಾಡಿನ ಅಂಚಿನ ಹೊಲಗಳಲ್ಲಿ ರಾಗಿ, ಜೋಳ, ಕಬ್ಬು, ಬಾಳೆ ಕಾಯುವವರಿಗೆ ಆನೆಯ ಭಯ ಇವತ್ತಿಗೂ ದಿನನಿತ್ಯದ್ದು. ಭಯ ನಿಜ. ಆದರೆ ಆ ಭಯಕ್ಕೆ ಸೊಂಟದ ರಿವಾಲ್ವರ್ ಉತ್ತರವಾದೀತೇ ಎಂಬುದನ್ನು ಕಾರ್ಖಾನೆಯ ಕೈಪಿಡಿ ನೋಡಿ ತೀರ್ಮಾನಿಸಲಾಗದು. ಯಾವ ನೆಲದಲ್ಲಿ, ಯಾವ ದಾರಿಯಲ್ಲಿ, ಯಾರ ಎದುರು, ಯಾರ ಮನೆಯೊಳಗೆ ಎಂಬುದನ್ನೆಲ್ಲ ಸೇರಿಸಿ ನೋಡಿದ ಮೇಲೆಯೇ ಒಂದು ಆಯುಧವನ್ನು ನಂಬಬಹುದು ಅಥವಾ ನಂಬಬಾರದು ಎನ್ನಲು ಸಾಧ್ಯ. ಹಾಗೆ ನೋಡಿದರೆ ಈ ಸೀಮೆಯ ತಾಳಮಲೆಯಲ್ಲಿ ಅತ್ಯುತ್ತಮ ರಿವಾಲ್ವರ್ ಕೂಡ ನಂಬಲಾಗದ ಆಯುಧ ಎಂಬುದೇ ನನ್ನ ವಾದ.

ರಿವಾಲ್ವರಿಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಕೊಟ್ಟುಬಿಡೋಣ. ಕೈಬಂದೂಕುಗಳಲ್ಲಿ ಅದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಪಿಸ್ತೂಲಿನಲ್ಲಿ ಒಂದು ತೋಟಾ ಹಾರದೆ ಉಳಿದರೆ ಕೈಯಿಂದ ಎಳೆದು ಅದನ್ನು ಹೊರಹಾಕಬೇಕು. ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಒತ್ತಿದರೆ ಸಾಕು, ಸಿಲಿಂಡರ್ ತಾನಾಗಿ ತಿರುಗಿ ಮುಂದಿನ ತೋಟಾವನ್ನು ನಳಿಗೆಯ ಎದುರಿಗೆ ತಂದು ನಿಲ್ಲಿಸುತ್ತದೆ. ತುಂಬಿ ವರ್ಷಗಟ್ಟಲೆ ಇಟ್ಟರೂ ಸ್ಪ್ರಿಂಗ್ ಸೋತೀತೆಂಬ ಚಿಂತೆ ಕಡಿಮೆ. ಭಾರತದಲ್ಲಿ ಸಾಮಾನ್ಯ ನಾಗರಿಕರಿಗೆ ಸಿಗುವುದು ಬಹುಮಟ್ಟಿಗೆ .32 ಬೋರಿನವು. ಕಾನಪುರದ ಸರ್ಕಾರಿ ಕಾರ್ಖಾನೆಗಳು ಇವನ್ನು ಬಹಳ ಕಾಲದಿಂದ ತಯಾರಿಸುತ್ತಿವೆ. 2014ರ ಜನವರಿಯಲ್ಲಿ ಅಲ್ಲಿನ ಫೀಲ್ಡ್ ಗನ್ ಫ್ಯಾಕ್ಟರಿ 'ನಿರ್ಭೀಕ್' ಎಂಬ ಹೆಸರಿನಲ್ಲಿ ಸುಮಾರು 500 ಗ್ರಾಂ ತೂಕದ ಟೈಟೇನಿಯಂ ಮಿಶ್ರಲೋಹದ ರಿವಾಲ್ವರನ್ನು ಹೆಂಗಸರ ಕೈಚೀಲಕ್ಕೆ ಒಪ್ಪುವಂಥದ್ದೆಂದು ಹೊರತಂದಿತು. ಆಗಿನ ಬೆಲೆ 1.22 ಲಕ್ಷ ರೂಪಾಯಿಯ ಆಸುಪಾಸು. 2023ರ ಆಗಸ್ಟಿನಲ್ಲಿ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಸಂಸ್ಥೆ ತಂದ 'ಪ್ರಬಲ್' ಸ್ವಲ್ಪ ಭಾರವಾದದ್ದು, 76 ಮಿಲಿಮೀಟರ್ ನಳಿಗೆಯದು. ಹಳೆಯವುಗಳಂತೆ ನಡು ಮುರಿದು ತೋಟಾ ತುಂಬುವ ಗೊಡವೆ ಇದಕ್ಕಿಲ್ಲ, ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಯಂತ್ರವನ್ನು ಯಂತ್ರವಾಗಿ ನೋಡಿದರೆ ಇವುಗಳ ಮೇಲೆ ದೂರು ಹೇಳುವ ಅಗತ್ಯ ನನಗಿಲ್ಲ.

ಆದರೆ ಬಚ್ಚಿಡಲು ಅನುಕೂಲವಾಗಲೆಂದು ಕಡಿಮೆ ಮಾಡಿದ ಪ್ರತಿಯೊಂದು ಗ್ರಾಮೂ ಪ್ರತಿಯೊಂದು ಅಂಗುಲವೂ ಬಳಸುವವನ ಲೆಕ್ಕದಲ್ಲಿ ಸಾಲವಾಗಿ ಉಳಿಯುತ್ತದೆ. ಹಗುರವಾದಷ್ಟೂ ಕೈಯಲ್ಲಿ ಹೆಚ್ಚು ಎಗರುತ್ತದೆ. ನಳಿಗೆ ಗಿಡ್ಡವಾದಷ್ಟೂ ಮುಂದಿನ ಮೊನೆಗೂ ಹಿಂದಿನ ಕಚ್ಚಿಗೂ ಅಂತರ ಕಡಿಮೆಯಾಗಿ, ಬೆರಳು ಕೂದಲೆಳೆಯಷ್ಟು ಅಲುಗಿದರೂ ಗುರಿ ಮೊಳದುದ್ದ ತಪ್ಪುತ್ತದೆ. ಹಿಂಬದಿಯ ಕುದುರೆ (ಹ್ಯಾಮರ್) ಎಳೆಯದೆ ನೇರವಾಗಿ ಒತ್ತುವ ಟ್ರಿಗರ್ ಉದ್ದಕ್ಕೆ ಬರುತ್ತದೆ, ಭಾರವಾಗಿಯೂ ಇರುತ್ತದೆ. ಆಕಸ್ಮಿಕವಾಗಿ ಹಾರದಿರಲೆಂದು ಇರುವ ಆ ಭಾರವೇ ಪಳಗದ ಕೈಯಲ್ಲಿ ನಳಿಗೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಹಗುರ ರಿವಾಲ್ವರಿನ ಎಗರಾಟಕ್ಕೆ ಸಿಲಿಂಡರಿನಲ್ಲಿ ಉಳಿದ ತೋಟಾದ ಗುಂಡು ಮುಂದಕ್ಕೆ ಜಾರಿ ನಿಂತರೆ ಸಿಲಿಂಡರ್ ತಿರುಗದೆ ಬಿಗಿದುಕೊಳ್ಳುತ್ತದೆ. ಆಗ 'ಮತ್ತೊಮ್ಮೆ ಒತ್ತು' ಎಂಬ ಉಪಾಯ ನಡೆಯದು, ಕುಳಿತು ಬಿಡಿಸಬೇಕು. ಇವೆಲ್ಲಕ್ಕೂ ಇರುವ ಮದ್ದು ಒಂದೇ, ಮೇಲಿಂದ ಮೇಲೆ ಅಭ್ಯಾಸ. ಲೈಸೆನ್ಸಿನಲ್ಲಿ ಬರೆದಷ್ಟೇ ತೋಟಾ ಸಿಗುವ, ತೋಟಾ ದುಬಾರಿಯಾಗಿರುವ, ಗುಂಡು ಹೊಡೆದು ಕಲಿಯಲು ಬೆಟ್ಟ ಇಳಿದು ಪಟ್ಟಣಕ್ಕೇ ಹೋಗಬೇಕಾದ ತಾಳವಾಡಿಯಲ್ಲಿ ಆ ಅಭ್ಯಾಸ ಆಗುವುದಿಲ್ಲ. ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟ ರಿವಾಲ್ವರ್, ವರ್ಷಕ್ಕೊಮ್ಮೆ ಒರೆಸುವ ಕೈ, ಎಷ್ಟು ಹಳೆಯದೋ ತಿಳಿಯದ ತೋಟಾ: ಈ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಯಂತ್ರವೊಂದನ್ನೇ ಹೊಗಳಿ ಫಲವೇನು?

ಇನ್ನು ಯಾರ ಎದುರು ಎಂಬ ಪ್ರಶ್ನೆ. ತಾಳಮಲೆ, ಹಾಸನೂರು, ಜೀರಹಳ್ಳಿಯ ಸುತ್ತ ರಾತ್ರಿ ಹೊಲಕ್ಕೆ ಹೋಗುವವನ ಮನಸ್ಸಿನಲ್ಲಿ ಮೊದಲು ಸುಳಿಯುವುದು ಆನೆ. .32 ತೋಟಾದ ಗುಂಡು ಗಿಡ್ಡ ನಳಿಗೆಯಿಂದ ಹೊರಟಾಗ ಅದರ ಶಕ್ತಿ ಸುಮಾರು 150 ಜೂಲ್. 12 ಬೋರಿನ ಕೋವಿಯ ಒಂಟಿಗುಂಡು ಅದರ ಹತ್ತು ಪಟ್ಟಿಗೂ ಮಿಕ್ಕಿದ ಶಕ್ತಿಯದು, ಆನೆಯ ಮುಂದೆ ಅದೂ ಅರೆಕೊರೆ. ಇಬ್ಬರು ರೈತರ ಸಾವಿಗೆ ಕಾರಣವಾಗಿ ಈ ಸೀಮೆಯನ್ನು ನಡುಗಿಸಿದ 'ಕರುಪ್ಪನ್' ಎಂಬ ಸಲಗದ ಕತೆ ಎಲ್ಲರಿಗೂ ಗೊತ್ತು. ಅರಣ್ಯ ಇಲಾಖೆ ಸಾಕಾನೆಗಳನ್ನು ತರಿಸಿ, ಪಶುವೈದ್ಯರನ್ನು ಕರೆಸಿ, ಅರಿವಳಿಕೆ ಮದ್ದು ಹೊಡೆದರೂ ಅದು ಮತ್ತೆ ಮತ್ತೆ ತಪ್ಪಿಸಿಕೊಂಡಿತು. ತಿಂಗಳುಗಟ್ಟಲೆ ಹೆಣಗಿದ ಮೇಲೆ 2023ರ ಏಪ್ರಿಲಿನಲ್ಲಷ್ಟೇ ಸೆರೆ ಸಿಕ್ಕಿತು. ನುರಿತ ಕೈಗಳು, ಆನೆಗೆಂದೇ ಅಳೆದ ಮದ್ದು, ಬೆನ್ನಿಗೆ ಸಾಕಾನೆಗಳಿದ್ದೂ ಬಗ್ಗದ ಪ್ರಾಣಿಯನ್ನು ಕತ್ತಲಲ್ಲಿ ಒಂಟಿ ರೈತನ ಸೊಂಟದ ರಿವಾಲ್ವರ್ ತಡೆದೀತೆಂದು ನಂಬುವುದು ಹೇಗೆ? ಸಮಯದ ಲೆಕ್ಕವನ್ನೂ ಹಾಕಿ. ನುಗ್ಗಿ ಬರುವ ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ ಹಿಡಿಯಬಲ್ಲದು, ಅಂದರೆ ಸೆಕೆಂಡಿಗೆ ಏಳು ಮೀಟರ್. ಜೋಳದ ಸಾಲಿನ ನಡುವೆ ಹದಿನೈದು ಮೀಟರಿನಲ್ಲಿ ಎದುರಾದರೆ ಉಳಿಯುವುದು ಎರಡು ಸೆಕೆಂಡು. ಒಂದು ಕೈಯಲ್ಲಿ ಬ್ಯಾಟರಿ ಹಿಡಿದವನು ಹೊದ್ದ ಕಂಬಳಿ ಸರಿಸಿ, ಅಂಗಿ ಎತ್ತಿ, ಚೀಲದಿಂದ ರಿವಾಲ್ವರ್ ತೆಗೆದು ಗುರಿ ಹಿಡಿಯುವಷ್ಟರಲ್ಲಿ ಆ ಎರಡು ಸೆಕೆಂಡು ಮುಗಿದಿರುತ್ತದೆ. ಬಚ್ಚಿಟ್ಟದ್ದರಿಂದಲೇ ತಡ. ಗುಂಡು ತಾಗಿದರೂ ಬೀಳದ ಆನೆ ಗಾಯಗೊಂಡು ತಿಂಗಳುಗಟ್ಟಲೆ ಅದೇ ಹೊಲಗಳಲ್ಲಿ ತಿರುಗುತ್ತದೆ, ಅದರ ಸಿಟ್ಟಿಗೆ ಸಿಗುವವನು ಗುಂಡು ಹೊಡೆದವನೇ ಆಗಬೇಕೆಂದಿಲ್ಲ. ಬೆಳೆಗೆ ನುಗ್ಗುವ ಹಂದಿಯ ವಿಷಯದಲ್ಲಿ ಇಷ್ಟೇ ಹೇಳಬಹುದು: 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಕಾಡುಹಂದಿ ಹೊಡೆಯಲು ಕೊಟ್ಟ ಅನುಮತಿ ಅರಣ್ಯ ಸಿಬ್ಬಂದಿಗೆ ಮಾತ್ರ, ಅದೂ ಮೀಸಲು ಅರಣ್ಯದಿಂದ ಮೂರು ಕಿಲೋಮೀಟರ್ ಆಚೆಗೆ. ಕಾಡಿನ ಮಗ್ಗುಲಲ್ಲೇ ಮಲಗುವ ಊರುಗಳಿಗೆ ಅದರಿಂದ ಹೆಚ್ಚೇನೂ ದಕ್ಕಲಿಲ್ಲ.

ಆನೆಗೆ ಬೇಡ, ಮನುಷ್ಯನಿಗಾದರೂ ಬೇಕಲ್ಲ ಎನ್ನುವವರಿದ್ದಾರೆ. ಗಾಜನೂರಿನ ಆ ರಾತ್ರಿಯನ್ನೇ ತೆಗೆದುಕೊಳ್ಳಿ. ಬಂದವರು ಬಂದೂಕುಧಾರಿಗಳ ಗುಂಪು, ಬಂದ ಹೊತ್ತನ್ನು ಆರಿಸಿಕೊಂಡವರು ಅವರು, ಮನೆಯಲ್ಲಿದ್ದದ್ದು ಊಟ ಮುಗಿಸಿ ಕುಳಿತ ಸಂಸಾರ. ರಾಜ್‌ಕುಮಾರ್ ಅವರೂ ಅವರೊಂದಿಗೆ ಒಯ್ಯಲ್ಪಟ್ಟ ಮೂವರೂ ಜೀವಂತ ಮರಳಿದರು, ರಾಜ್‌ಕುಮಾರ್ ಮರಳಿದ್ದು 108 ದಿನಗಳ ನಂತರ, ನವೆಂಬರ್ 15ರಂದು. ಆ ಮನೆಯಲ್ಲಿ ಯಾರೋ ಒಬ್ಬರು ಸೊಂಟದಿಂದ ರಿವಾಲ್ವರ್ ಎಳೆದಿದ್ದರೆ ಮುಂದೇನಾಗುತ್ತಿತ್ತೆಂದು ಯೋಚಿಸಿದರೆ ಎದೆ ನಡುಗುತ್ತದೆ. ಹೊಂಚು ಹಾಕಿ ಬರುವವನಿಗೆ ಮೊದಲ ಚಲನೆ ಯಾವಾಗಲೂ ಸಿಕ್ಕಿರುತ್ತದೆ, ಬಚ್ಚಿಟ್ಟ ಆಯುಧ ಆ ಮೇಲುಗೈಯನ್ನು ಕಿತ್ತುಕೊಳ್ಳಲಾರದು. ಕೈಬಂದೂಕು ಹೇರಳವಾಗಿರುವ ಅಮೆರಿಕದ ಅಪರಾಧ ಸಮೀಕ್ಷೆಯನ್ನು ಆಧರಿಸಿ ಡೇವಿಡ್ ಹೆಮೆನ್‌ವೇ ಮತ್ತು ಸಾರಾ ಸೋಲ್ನಿಕ್ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಅಪರಾಧಕ್ಕೆ ಗುರಿಯಾದವರು ಆತ್ಮರಕ್ಷಣೆಗೆ ಬಂದೂಕು ಬಳಸಿದ ಪ್ರಸಂಗಗಳು ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ತೋರಿಸಿತು. ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಪ್ರತ್ಯೇಕ ಪರವಾನಗಿಯೇ ಇಲ್ಲದೆ ಬಂದೂಕನ್ನು ಮರೆಯಲ್ಲಿಟ್ಟು ತಿರುಗಬಹುದಾದ ದೇಶದ ಮಾತಿದು.

ತಾಳವಾಡಿಯಲ್ಲಿ ಈ ವಾದಕ್ಕೆ ಇನ್ನೆಲ್ಲೂ ಇಲ್ಲದ ಒಂದು ಗಟ್ಟಿ ಕಾರಣವಿದೆ, ದಾರಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಕನ್ನಡವನ್ನೇ ಆಡುವ ತಾಳವಾಡಿ ಮದ್ರಾಸಿನಲ್ಲಿ ಉಳಿಯಿತು. ಹೀಗಾಗಿ ಇಲ್ಲಿಯವರ ಆಡಳಿತವೆಲ್ಲ ಕೆಳಗಿನ ಈರೋಡಿನಲ್ಲಿ, ಸಂತೆ, ಆಸ್ಪತ್ರೆ, ನೆಂಟಸ್ತಿಕೆಯೆಲ್ಲ ಗಡಿಯಾಚೆಯ ಚಾಮರಾಜನಗರದಲ್ಲಿ. ಬಂದೂಕಿನ ಲೈಸೆನ್ಸಿನಲ್ಲಿ ಅದು ಎಲ್ಲೆಲ್ಲಿ ನಡೆಯುತ್ತದೆ ಎಂದು ಬರೆದಿರುತ್ತಾರೆ. ತಮಿಳುನಾಡಿಗಷ್ಟೇ ಸೀಮಿತವಾದ ಲೈಸೆನ್ಸ್ ಹಿಡಿದು ರಿವಾಲ್ವರ್ ಸಮೇತ ಚಾಮರಾಜನಗರದ ಬಸ್ಸು ಹತ್ತಿದವನು ಗಡಿ ದಾಟುತ್ತಲೇ ಅಪರಾಧಿಯಾಗುತ್ತಾನೆ. ಕೆಳಗಿಳಿಯೋಣವೆಂದರೆ ಹಾಸನೂರಿನಿಂದ ದಿಂಬಂ ದಾಟಿ 27 ತಿರುವುಗಳನ್ನಿಳಿದು ಬಣ್ಣಾರಿ ಸೇರುವ ರಸ್ತೆ ಸತ್ಯಮಂಗಲ ಅಭಯಾರಣ್ಯದ ನಡುವೆಯೇ ಹಾದಿದೆ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಕಾಡಿನ ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರ್. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯ ಹೊಗಬಾರದೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೆಯ ವಿಧಿ ಹೇಳುತ್ತದೆ. 34ನೆಯ ವಿಧಿ ಇನ್ನೂ ಮುಂದೆ ಹೋಗಿ, ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿಯಿಲ್ಲದೆ ಹೊಸ ಬಂದೂಕು ಲೈಸೆನ್ಸನ್ನೇ ಕೊಡಬಾರದೆನ್ನುತ್ತದೆ. ತಾಳವಾಡಿಯ ಯಾವ ಹಳ್ಳಿ ತಾನೇ ಕಾಡಿನಿಂದ ದೂರ? ಮೇಲೆ ಹೋದರೆ ಗಡಿ, ಕೆಳಗೆ ಹೋದರೆ ಅಭಯಾರಣ್ಯ. ಜೊತೆಯಲ್ಲಿ ಒಯ್ಯಲೆಂದೇ ಮಾಡಿದ ಆಯುಧಕ್ಕೆ ಈ ಸೀಮೆಯಲ್ಲಿ ಸುಸೂತ್ರವಾಗಿ ಹೋಗುವ ದಾರಿಯೇ ಇಲ್ಲ. ಚುನಾವಣೆ ಬಂದರೆ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬರುವುದು ಬೇರೆ.

ಶಸ್ತ್ರಾಸ್ತ್ರ ಕಾಯ್ದೆಯೂ ರೈತನ ಕೋವಿಯನ್ನೂ ಸೊಂಟದ ರಿವಾಲ್ವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 1959ರ ಕಾಯ್ದೆಯ 13ನೆಯ ವಿಧಿ ಬೆಳೆ ರಕ್ಷಣೆಗೆ ಕೇಪಿನ ಕೋವಿಯಂಥ, ಬಾಯಿಂದ ಮದ್ದು ತುಂಬುವ ಬಂದೂಕನ್ನು ಹೆಸರಿಸುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯವಾದ ನಳಿಗೆಯ ಬಂದೂಕನ್ನೂ ಕೊಡಬಹುದು. ರಿವಾಲ್ವರ್ ಬೇಕೆಂದರೆ ಮಾತ್ರ ಕೇಳುವವನು ತಕ್ಕ ಕಾರಣ ತೋರಿಸಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಈ ವ್ಯತ್ಯಾಸವನ್ನು ಅಧಿಕಾರಶಾಹಿಯ ಕಿರಿಕಿರಿ ಎಂದು ನೋಡಬೇಕಿಲ್ಲ. ಕೋವಿ ಹೆಗಲ ಮೇಲಿದ್ದರೆ ಊರಿಗೆಲ್ಲ ಕಾಣುತ್ತದೆ. ಯಾರ ಮನೆಯಲ್ಲಿ ಎಷ್ಟು ಕೋವಿ, ಯಾರು ಯಾವಾಗ ಹೊರತೆಗೆದರು ಎಂಬುದು ಗುಟ್ಟಲ್ಲ. ಮರೆಯಲ್ಲಿಟ್ಟ ಕೈಬಂದೂಕಿಗೆ ಊರಿನ ಕಣ್ಣಿನ ಕಾವಲಿಲ್ಲ.

ಇಲ್ಲಿ ಕೊಡಗಿನ ಮಾತು ಬಂದೇ ಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಕೆಡುಕಾಗದೆ ನಡೆದುಬಂದದ್ದು ಇಲ್ಲೇಕೆ ಕೂಡದು ಎಂಬುದು ನ್ಯಾಯವಾದ ಪ್ರಶ್ನೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕೊಡಗಿನಲ್ಲಿ ಬಂದೂಕನ್ನು ಪಳಗಿಸಿದ್ದು ವಿನಾಯಿತಿಯ ಕಾಗದವಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಯನ್ನು ತೊಳೆದು ಹೂವಿಟ್ಟು ಪೂಜೆಗಿಡುತ್ತಾರೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಳೆಯ ಪದ್ಧತಿ. ಹಾಗೆ ಬಂದೂಕಿನ ಸದ್ದಿಗೂ ಅಲ್ಲಿ ಊರಿನ ಸಾಕ್ಷಿಯಿದೆ. ಒಕ್ಕದ, ಅಂದರೆ ಕುಲದ, ಹಿರಿಯರ ಕಣ್ಣೆದುರಿನಲ್ಲಿ, ಪೂರ್ವಜರ ಮನೆಯಾದ ಐನ್‌ಮನೆಯ ಬೆಳಕಿನಲ್ಲಿ ಬೆಳೆದ ಸಂಸ್ಕಾರವನ್ನು ಅಂಗಿಯೊಳಗೆ ಬಚ್ಚಿಟ್ಟ ರಿವಾಲ್ವರಿಗೆ ಕಸಿ ಮಾಡಲಾಗದು. ತಾಳಮಲೆಗೆ ಬಂದೂಕಿನ ಇತಿಹಾಸವೇ ಬೇರೆ. ವೀರಪ್ಪನ್ ಕಾಲದಲ್ಲಿ ಕಾಡಿನ ಅಂಚಿನ ಜನ ಒಂದು ಕಡೆ ಅವನ ಗುಂಪಿನ ಬಂದೂಕಿಗೂ ಇನ್ನೊಂದು ಕಡೆ ಅವನನ್ನು ಹುಡುಕುವವರ ಬಂದೂಕಿಗೂ ನಡುವೆ ಸಿಕ್ಕಿದ್ದರು. ಪೊಲೀಸ್ ಕಾರ್ಯಪಡೆಗಳಿಂದಾದ ಹಿಂಸೆಯ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. ಬಚ್ಚಿಟ್ಟ ಆಯುಧದ ಮೇಲಿನ ಅನುಮಾನ ಎಂಥ ಬೆಲೆ ಕೇಳುತ್ತದೆ ಎಂಬುದನ್ನು ಈ ಬೆಟ್ಟದ ಆದಿವಾಸಿಗಳಾದ ಸೋಲಿಗರಿಗೆ ಯಾರೂ ಕಲಿಸಬೇಕಿಲ್ಲ.

ಮನೆಯೊಳಗಿನ ಲೆಕ್ಕ ಎಲ್ಲಕ್ಕಿಂತ ಕಠಿಣವಾದದ್ದು, ಹೇಳಲು ಸಂಕಟವಾದರೂ ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಕೈಬಂದೂಕು ಹೊಂದಿದ ಗಂಡಸರಲ್ಲಿ ಬಂದೂಕಿನಿಂದಾದ ಆತ್ಮಹತ್ಯೆಯ ಪ್ರಮಾಣ ಹೊಂದಿರದವರಿಗಿಂತ ಸುಮಾರು 8 ಪಟ್ಟು, ಹೆಂಗಸರಲ್ಲಿ 35 ಪಟ್ಟು. ಅದು ಬೇರೆ ದೇಶ, ಬೇರೆ ಬದುಕು ಎನ್ನಬಹುದು. ಆದರೆ ಸಾಯುವ ಯೋಚನೆ ಬಂದ ಗಳಿಗೆಯಲ್ಲಿ ಕೈಗೆ ಏನು ಎಟುಕುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ ಎಂಬುದಕ್ಕೆ ನಮ್ಮ ರೈತರ ಮನೆಗಳೇ ಸಾಕ್ಷಿ, ಅಲ್ಲಿ ಎಟುಕುವುದು ಕೀಟನಾಶಕದ ಡಬ್ಬಿ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳ ಇಳಿದವು. ಮಳೆ ಕೈಕೊಟ್ಟ ವರ್ಷ, ಬಾಳೆಗೆ ಬೆಲೆ ಬಿದ್ದ ವರ್ಷ, ಸಾಲ ಹೊತ್ತ ಮನೆಗೆ ತುಂಬಿದ ರಿವಾಲ್ವರನ್ನೂ ತಂದಿಡುವುದು ರಕ್ಷಣೆ ಹೇಗಾದೀತು? ಹೆಂಗಸರಿಗೆಂದೇ ಮಾಡಿದ ರಿವಾಲ್ವರನ್ನು ಹೊಗಳುವವರು ಆ 35ರ ಅಂಕಿಯನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು.

ಸರ್ಕಾರ ಕಾಯದಿದ್ದಾಗ ತನ್ನನ್ನು ತಾನು ಕಾಯ್ದುಕೊಳ್ಳುವ ಹಕ್ಕನ್ನು ಕಿತ್ತುಕೊಳ್ಳಲು ನೀವು ಯಾರು ಎಂದು ಕೇಳುವವರಿಗೆ ನನ್ನ ಉತ್ತರ ಸರಳ: ಆ ಹಕ್ಕು ಹಾಗೇ ಇದೆ, ಇರಬೇಕು. ಭಾರತೀಯ ನ್ಯಾಯ ಸಂಹಿತೆ 34ರಿಂದ 44ರವರೆಗಿನ ವಿಧಿಗಳಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುತ್ತದೆ. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ವನ್ಯಪ್ರಾಣಿಯನ್ನು ಗಾಯಗೊಳಿಸಿದರೆ ಅಥವಾ ಕೊಂದರೆ ಅಪರಾಧವಲ್ಲವೆಂದು ವನ್ಯಜೀವಿ ಕಾಯ್ದೆಯ 11ನೆಯ ವಿಧಿಯೂ ಹೇಳುತ್ತದೆ. ಹಕ್ಕಿದೆ ಎಂದಮಾತ್ರಕ್ಕೆ ಈ ಉಪಕರಣ ಆ ಹಕ್ಕನ್ನು ಕಾಯುತ್ತದೆ ಎಂದಾಗುವುದಿಲ್ಲ. ಹೆಸರು ಹಿಡಿದು ಕೊಲೆ ಬೆದರಿಕೆ ಬಂದ, ಪೊಲೀಸರೂ ಒಪ್ಪಿದ ಕಾರಣವಿರುವ ಕೆಲವರು ಇರುತ್ತಾರೆ, ಅವರಿಗೆ ಲೈಸೆನ್ಸ್ ಸಿಗುವುದನ್ನು ನಾನು ವಿರೋಧಿಸುವುದಿಲ್ಲ. ಅವರಿಗೂ ಹೇಳಬೇಕಾದದ್ದು ಅಂಗಡಿಯವರು ಹೇಳುವುದಕ್ಕಿಂತ ಬೇರೆ. ಎಲ್ಲಕ್ಕಿಂತ ಹಗುರವಾದದ್ದನ್ನು ಆರಿಸಬೇಡಿ, ಇನ್ನೂರು ಗ್ರಾಂ ಹೆಚ್ಚಿಗೆ ಹೊತ್ತರೆ ಕೈ ನಿಲ್ಲುತ್ತದೆ. ಕುದುರೆ ಹಿಂದಕ್ಕೆ ಹೋದಾಗ ಸಿಲಿಂಡರ್ ಅಲುಗದೆ ಗಟ್ಟಿಯಾಗಿ ಕೂರುತ್ತದೆಯೇ ಎಂದು ಆರೂ ಕೋಣೆಗಳಲ್ಲಿ ಖಾಲಿ ನೋಡಿ. ಟ್ರಿಗರ್ ಪೂರ್ತಿ ಮುಚ್ಚುವ ಚರ್ಮದ ಚೀಲವಿಲ್ಲದೆ ಸೊಂಟಕ್ಕೆ ಸಿಕ್ಕಿಸಬೇಡಿ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಚೀಲದೊಳಗೆ, ಪೂರ್ತಿ ಮುಚ್ಚಿಕೊಂಡೇ ಇರಬೇಕೆಂಬುದು 2016ರ ನಿಯಮಗಳ ಕಟ್ಟಳೆಯೂ ಹೌದು. ತೋಟಾ ಹೊಸದಿರಲಿ, ಮನೆಯಲ್ಲಿ ಬೀಗವಿರಲಿ, ಬೀಗದ ಕೈ ಮಕ್ಕಳಿಗೆ ತಿಳಿಯದಿರಲಿ. ಇಷ್ಟನ್ನೂ ತಪ್ಪದೆ ಮಾಡುವೆನೆಂಬ ಧೈರ್ಯವಿಲ್ಲದವರು ಅರ್ಜಿಯನ್ನೇ ಹಾಕದಿರುವುದು ಲೇಸು.

ಉಳಿದ ಸಾವಿರಾರು ಜನರಿಗೆ ಬೇಕಾದದ್ದು ಏನು ಎಂಬುದಕ್ಕೆ ಇದೇ ತಮಿಳುನಾಡಿನ ಆನೈಮಲೆಯ ವಾಲ್ಪಾರೈ ಒಂದು ಉದಾಹರಣೆ. ಚಹಾ ತೋಟಗಳ ನಡುವೆ ಆನೆಗಳು ತಿರುಗುವ ಆ ಬೆಟ್ಟದಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಸಾವುಗಳ ಹಿಂದಿನ ಕಾರಣಗಳನ್ನು ಒಂದೊಂದಾಗಿ ಹುಡುಕಿದರು. ಬಹುತೇಕ ಸಾವುಗಳಲ್ಲಿ ಸತ್ತವರಿಗೆ ಆನೆ ಹತ್ತಿರದಲ್ಲಿದೆ ಎಂಬ ಸುಳಿವೇ ಇರಲಿಲ್ಲ. ಹಾಗಾಗಿ ಅವರು ಸುಳಿವು ಕೊಡುವ ಏರ್ಪಾಟು ಮಾಡಿದರು: ಆನೆ ಯಾವ ತೋಟದ ಬಳಿ ಇದೆಯೆಂದು ಮೊಬೈಲಿಗೆ ಸಂದೇಶ, ಕೇಬಲ್ ಟಿವಿಯಲ್ಲಿ ಪ್ರಕಟಣೆ, ಎತ್ತರದ ಜಾಗಗಳಲ್ಲಿ ಫೋನಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪ. ಅದಾದ ಮೇಲೆ ಸಾವುಗಳು ಕಡಿಮೆಯಾದವು. ಆನೆಯೂ ಬದುಕಿತು, ದುಡಿದು ಮನೆಗೆ ಮರಳುವವರೂ ಬದುಕಿದರು. ಒಂದು ನಿರ್ಭೀಕಿನ ಬೆಲೆಯಲ್ಲಿ ಹಳ್ಳಿಯೊಂದರ ಅಂಚಿಗೆ ಎಷ್ಟು ದೀಪ ಹಾಕಬಹುದು, ಕಂದಕದ ಎಷ್ಟು ಉದ್ದವನ್ನು ಮತ್ತೆ ಅಗೆಸಬಹುದು, ಸತ್ತು ಬಿದ್ದ ಸೋಲಾರ್ ಬೇಲಿಯ ಎಷ್ಟು ಬ್ಯಾಟರಿ ಬದಲಿಸಬಹುದು ಎಂಬ ಲೆಕ್ಕವನ್ನು ತಾಳವಾಡಿಯ ಪ್ರತಿ ಪಂಚಾಯತಿ ಸಭೆಯಲ್ಲೂ ಹಾಕಬೇಕು. ಹೊಲದ ಅಟ್ಟಣೆಯ ಮೇಲೆ ಮಲಗಿದವನಿಗೆ ಎರಡು ಸೆಕೆಂಡಿನ ಬದಲು ಹತ್ತು ನಿಮಿಷ ಮುಂಚೆ ಗೊತ್ತಾದರೆ ಅವನು ಅಟ್ಟಣೆಯಿಂದ ಕೆಳಗಿಳಿಯುವುದೇ ಇಲ್ಲ.